ಹನ್ನೆರಡನೆಯ ಸಾಲು

6 ಆಗಸ್ಟ್ 2024, ಮಂಗಳವಾರ

ಐವತ್ನಾಲ್ಕು ಚಾರ್ಟು. ಹದಿನೆಂಟು ಊರು, ಊರಿಗೆ ಮೂರರಂತೆ. ಬಿ.ಪಿ. ಇದ್ದವರದು ಒಂದು, ಸಕ್ಕರೆ ಕಾಯಿಲೆಯವರದು ಒಂದು, ನಮ್ಮ ಟ್ರಸ್ಟಿನ ಆಸ್ಪತ್ರೆ ವ್ಯಾನಿಗೆ ತಿಂಗಳಲ್ಲಿ ಎಷ್ಟು ಜನ ಬಂದರು ಎನ್ನುವುದು ಒಂದು. ಎಕ್ಸೆಲ್‌ನಲ್ಲಿ ಚಾರ್ಟು ಮಾಡು, ಕಾಪಿ ಮಾಡು, ಪವರ್‌ಪಾಯಿಂಟಿಗೆ ಹೋಗು, ಅಂಟಿಸು, ಮೂಲೆ ಹಿಡಿದು ಎಳೆದು ಸರಿಮಾಡು, ಮತ್ತೆ ಎಕ್ಸೆಲ್ಲಿಗೆ ಬಾ. ಪ್ರತಿ ತಿಂಗಳೂ ಮೂರು ದಿನ ಇದೇ ಕೆಲಸ. ನಿನ್ನೆ ಚಪಾತಿ ಲಟ್ಟಿಸುವಾಗ ಅದರ ಮೂಲೆಯನ್ನೂ ಹಿಡಿದು ಎಳೆದೆನಂತೆ. ಇವರು ನೋಡಿ, "ಅದು ದುಂಡಗಿರ್ತೈತೆ ಪುಷ್ಪಾ, ಮೂಲೆ ಎಲ್ಲೈತೆ?" ಎಂದರು.

ಇವತ್ತು ಹರಿಹರದ ಶಾಖೆಯಲ್ಲಿ ತಿಂಗಳ ಮೀಟಿಂಗು. ಎಂದಿನಂತೆ ಮಾತಾಡಿದವರು ನಮ್ಮ ದಾವಣಗೆರೆ ಆಫೀಸಿನ ಮ್ಯಾನೇಜರ್ ವಾಮದೇವಪ್ಪ ಸಾರ್. ನಾನು ಮೂಲೆಯಲ್ಲಿ ಕುಳಿತು ಸ್ಲೈಡು ಬದಲಿಸುವವಳು. ನನಗೆ ಅದೇ ಹಿತ. ಅರ್ಧಕ್ಕೆ ಬಂದಾಗ ಅಧ್ಯಕ್ಷೆ ಡಾಕ್ಟರ್ ಶಕುಂತಲಮ್ಮ ಕೈ ಎತ್ತಿದರು.

"ಇದು ಯಾವತ್ತಿನ ಅಂಕಿ ವಾಮದೇವಪ್ಪ?"

"ಮೂವತ್ತೊಂದನೇ ತಾರೀಖಿಂದು ಮೇಡಂ."

"ಇವತ್ತು ಆರು. ಸೆಪ್ಟೆಂಬರಿನಾಗೆ ಹಬ್ಬ, ಮೀಟಿಂಗ್ ಇಲ್ಲ. ಅಕ್ಟೋಬರ್ ಮೀಟಿಂಗಿಗೆ ಹಿಂದಿನ ದಿನ ಸಂಜೆವರೆಗಿನ ಅಂಕಿ ಬೇಕು. ಬೆಳಿಗ್ಗೆ ಇಲ್ಲೇ ಕೂತು ಮಾಡ್ರಿ."

ವಾಮದೇವಪ್ಪ ಸಾರ್ ನನ್ನನ್ನು ನೋಡಿದರು. ನಾನು ಹರಿಹರದ ಗುಮಾಸ್ತ ಮಾಲತೇಶಪ್ಪನನ್ನು ನೋಡಿದೆ. ಆತ ಫ್ಯಾನು ನೋಡಿದ.

ಅಕ್ಟೋಬರಿನಲ್ಲಿ ಇನ್ನೊಂದು ತೀರ್ಮಾನವೂ ಇದೆ. ಮೇ ತಿಂಗಳಿಂದ ವ್ಯಾನಿನ ಚಾರ್ಟಿನಲ್ಲಿ ಕೊಕ್ಕನೂರಿನ ಕಂಬ ನೆಲ ಹಿಡಿದಿದೆ. ಜನ ಬರುತ್ತಿಲ್ಲವೆಂದು ಜುಲೈನಿಂದ ಅಲ್ಲಿಗೆ ವಾರದ ವ್ಯಾನು ನಿಲ್ಲಿಸಿ ತಿಂಗಳಿಗೊಮ್ಮೆ ಕಳಿಸುತ್ತಿದ್ದಾರೆ. ಇನ್ನು ಪೂರ್ತಿ ನಿಲ್ಲಿಸುವುದೇ ಎಂದು ಆಗ ನೋಡುತ್ತಾರೆ. ಊರುಗಳ ಅಂಕಿ ಟೈಪು ಮಾಡಿ ಕಳಿಸುವವನು ಮಾಲತೇಶಪ್ಪ, ತಪ್ಪು ಹೊಡೆದಿದ್ದರೂ ಹೊಡೆದಿರಬಹುದು, ದೇವರಿಗೇ ಗೊತ್ತು. ನನ್ನ ಕಡೆಯಿಂದ ಹನ್ನೊಂದು ವರ್ಷದಲ್ಲಿ ಒಂದು ಚಾರ್ಟೂ ಆಚೀಚೆ ಆಗಿಲ್ಲ.

12 ಆಗಸ್ಟ್, ಸೋಮವಾರ

ಎಕ್ಸೆಲ್‌ನಲ್ಲಿ ಮ್ಯಾಕ್ರೊ ಎನ್ನುವುದೊಂದು ಇದೆ. ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇನೆ, ಒಂದು ದಿನವೂ ಒಳಗೆ ಹೋಗಿರಲಿಲ್ಲ. ನಾವು ಕೈಯಿಂದ ಮಾಡುವುದನ್ನು ಒಮ್ಮೆ ಬರೆದಿಟ್ಟರೆ ಸಾಕು, ಆಮೇಲೆ ಗುಂಡಿ ಒತ್ತಿದಾಗಲೆಲ್ಲ ಕಂಪ್ಯೂಟರ್ ತಾನೇ ಮಾಡುತ್ತದೆ. ಊಟದ ಹೊತ್ತಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬ ಹುಡುಗಿಯ ಪಾಠ ನೋಡಿದೆ. ಅವಳು ಎಷ್ಟು ಬೇಗ ಮಾತಾಡುತ್ತಾಳೆಂದರೆ, ನಿಲ್ಲಿಸಿ ನಿಲ್ಲಿಸಿ ನೋಡುವುದರಲ್ಲಿ ಮೊಸರನ್ನ ಒಣಗಿತು.

ಸಂಜೆ ಒಂದು ಚಾರ್ಟು ತಾನಾಗಿ ಸ್ಲೈಡಿಗೆ ಹೋಗಿ ಕುಳಿತಿತು. ಒಂದೇ ಒಂದು. ಅದೂ ಅಳತೆ ಕೆಟ್ಟು. ಆದರೂ ಕುಳಿತಿತು.

23 ಆಗಸ್ಟ್, ಶುಕ್ರವಾರ

ನಾಲ್ಕು ನಿಮಿಷ! ಐವತ್ನಾಲ್ಕೂ!

ಕಂಪ್ಯೂಟರಿನ ಪಕ್ಕಕ್ಕೆ ಅಂಟಿಸಿಕೊಂಡಿರುವ ಚೀಟಿಯಲ್ಲಿ ಯಾವ ಊರು ಹಾಳೆಯ ಯಾವ ಸಾಲಿನಲ್ಲಿದೆ ಎಂದು ಬರೆದಿದೆಯಲ್ಲ, ಆ ಸಾಲಿನ ಸಂಖ್ಯೆಗಳನ್ನೇ ಮ್ಯಾಕ್ರೊಗೆ ಕೊಟ್ಟೆ. ಗುಂಡಿ ಒತ್ತಿ ಕೈ ಕಟ್ಟಿ ಕುಳಿತೆ. ಚಾರ್ಟುಗಳು ಒಂದರ ಹಿಂದೊಂದು, ಪ್ರಾರ್ಥನೆಗೆ ಸಾಲಾಗಿ ಬರುವ ಶಾಲೆ ಮಕ್ಕಳ ಹಾಗೆ ಬಂದು ನಿಂತವು.

ವಾಮದೇವಪ್ಪ ಸಾರ್ ಎರಡು ಸಲ ಓಡಿಸಲು ಹೇಳಿ ನೋಡಿದರು. ಆಮೇಲೆ ಗಲ್ಲ ಕೆರೆದುಕೊಂಡು, "ಹಂಗಾದ್ರೆ ಆ ಮೂರು ದಿನ ನೀವು ಏನು ಮಾಡ್ತೀರಿ?" ಎಂದರು. ಮೆಚ್ಚುಗೆ ಎಂದೇ ತಿಳಿದುಕೊಂಡಿದ್ದೇನೆ.

30 ಆಗಸ್ಟ್, ಶುಕ್ರವಾರ

ಪೆನ್‌ಡ್ರೈವ್ ಹಿಡಿದು ಹರಿಹರಕ್ಕೆ ಹೋದೆ. ಗುಂಡಿ ಒತ್ತಿದೆ. ಬೇಕಾದ 'ಲೈಬ್ರರಿ' ಫೈಲು ಸಿಗುತ್ತಿಲ್ಲ ಎಂದು ಪರದೆಯ ಮೇಲೆ ಒಂದು ಚೌಕ ಬಂತು. ಮತ್ತೆ ಒತ್ತಿದೆ. ಮತ್ತೆ ಅದೇ ಚೌಕ. ನನ್ನ ಎಕ್ಸೆಲ್, ಪವರ್‌ಪಾಯಿಂಟ್ 2021ರ ಆವೃತ್ತಿ, ಅಲ್ಲಿರುವುದು 2010ರದು. ಹೊಸದರಲ್ಲಿ ಬರೆದದ್ದು ಹಳೆಯದಕ್ಕೆ ತಿಳಿಯುವುದಿಲ್ಲ.

"ಹೊಸ ಆವೃತ್ತಿ ಹಾಕ್ಸಿಬಿಡ್ರಿ" ಎಂದೆ.

"ಅದನ್ನ ಮುಟ್ಟಬ್ಯಾಡ್ರಿ" ಎಂದ ಮಾಲತೇಶಪ್ಪ. ಅಷ್ಟೇ. ಕಾರಣ ಇಲ್ಲ, ವಿವರ ಇಲ್ಲ. ಕೀಲಿಮಣೆಯ ಮೇಲೆ ಕೈಯಿಟ್ಟು ಕುಳಿತುಬಿಟ್ಟ, ಯಾರೋ ಮಗು ಎತ್ತಿಕೊಂಡು ಹೋಗುತ್ತಾರೆ ಎನ್ನುವ ಹಾಗೆ. ಕೆಲವರಿಗೆ ವಯಸ್ಸಾದಂತೆ ಹಠ ಬರುತ್ತದೆ. ಈ ಮನುಷ್ಯನಿಗೆ ಹುಟ್ಟಿದಾಗಲೇ ಬಂದಿರಬೇಕು.

2 ಸೆಪ್ಟೆಂಬರ್, ಸೋಮವಾರ

ಮತ್ತೆ ಹರಿಹರ. ಇವತ್ತು ಜಗಳ ಆಡಿಯೇ ಬರಬೇಕೆಂದು ಹೋಗಿದ್ದೆ. ಹೋದಾಗ ಮಾಲತೇಶಪ್ಪ ಒಳಗಿನ ಕೋಣೆಯಲ್ಲಿ ಒಂದು ಯಂತ್ರದ ಮೇಲಿನ ಟವೆಲ್ ತೆಗೆಯುತ್ತಿದ್ದರು. ರಕ್ತ ಪರೀಕ್ಷೆಯ ಯಂತ್ರ. ಅದರಿಂದ ಒಂದು ವೈರು ಗೋಡೆ ತೂರಿ ಬಂದು ಆ ಹಳೆಯ ಕಂಪ್ಯೂಟರಿಗೆ ಸೇರಿತ್ತು.

"ಇದನ್ನ ಮಾಡಿದ ಕಂಪನಿನೇ ಈಗ ಇಲ್ಲ ನೋಡ್ರಿ. ಇದು ಮಾತಾಡೋದು ಈ ಒಂದು ಕಂಪ್ಯೂಟರ್ ಕೂಡ ಅಷ್ಟೇ. ಇದರಾಗೆ ಏನಾದ್ರೂ ಹೊಸದು ಹಾಕಿದ್ರೆ ಇದು ಬಾಯಿ ಮುಚ್ಚುತ್ತೆ. ಒಂದ್ಸಲ ಹಂಗಾಗಿತ್ತು, ಹದಿನೆಂಟು ದಿನ. ದಿನಾ ನಲವತ್ತು ಜನರ ರಕ್ತ ಇದರಾಗೆ ನೋಡ್ತೀವಿ."

"ಇದನ್ನ ಅವತ್ತೇ ಹೇಳಬಹುದಿತ್ತಲ್ರಿ?"

"ನೀವು ಹಾಕ್ಸಿಬಿಡ್ರಿ ಅಂದ್ರಿ. ಯಾಕ ಅಂತ ಕೇಳ್ಲಿಲ್ಲ."

ಜಗಳ ಆಡಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು.

8 ಸೆಪ್ಟೆಂಬರ್, ಭಾನುವಾರ

ಗಣಪತಿ ಹಬ್ಬದ ಮರುದಿನ. ಮನೆಯಲ್ಲಿ ಉಳಿದ ಕಡುಬು ತೆಗೆದುಕೊಂಡು ಇವರ ಅಂಗಡಿಗೆ ಹೋದೆ. ಆನೆಕೊಂಡದಲ್ಲಿ ಇವರದು ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ. ಹದಡಿಯಿಂದ ಒಬ್ಬರು ಎರಡು ಮೋಟರ್ ತಂದಿದ್ದರು, ಒಂದು ಅವರ ತಂದೆಯ ಕಾಲದ್ದು, ಒಂದು ಹೋದ ವರ್ಷದ್ದು. ಇವರು ಎರಡನ್ನೂ ಬಿಚ್ಚುವ ಮೊದಲು ಬಟ್ಟೆಯಿಂದ ಒರೆಸಿ ಮೈಮೇಲಿನ ತಗಡಿನ ಪಟ್ಟಿ ಓದಿದರು.

"ಯಾಕೆ ಮೊದಲು ಅದನ್ನೇ ಓದೋದು?" ಎಂದು ಕೇಳಿದೆ.

"ಇದು ಯಾವ ಕಾಲದ್ದು ಅಂತ ಗೊತ್ತಾಗ್ದೆ ತಂತಿ ಸುತ್ತಿದ್ರೆ ಸುಟ್ಟು ಹೋಗ್ತೈತೆ. ಹಳೇದಕ್ಕೆ ಹಳೇ ಲೆಕ್ಕ, ಹೊಸದಕ್ಕೆ ಹೊಸ ಲೆಕ್ಕ. ಕೆಲಸ ಒಂದೇ, ನೀರು ಎತ್ತಬೇಕು."

ಕಡುಬಿನ ಡಬ್ಬಿ ಅಲ್ಲೇ ಬಿಟ್ಟು ಮನೆಗೆ ಬಂದು ಮ್ಯಾಕ್ರೊ ಬರೆದುಕೊಂಡಿದ್ದ ನೋಟ್‌ಪುಸ್ತಕ ತೆಗೆದೆ. ನನ್ನ ಮ್ಯಾಕ್ರೊ ಮಾಡುತ್ತಿದ್ದ ತಪ್ಪು ಅದೇ. ಹೊಸ ಪವರ್‌ಪಾಯಿಂಟೇ ಬೇಕು ಎಂದು ಬಾಗಿಲಲ್ಲೇ ಹಠ ಹಿಡಿಯುತ್ತಿತ್ತು. ಹಾಗಲ್ಲ. ಇಲ್ಲಿ ಯಾವುದಿದೆಯೋ ಅದನ್ನು ಕರೆ, ನಿನ್ನ ಆವೃತ್ತಿ ಯಾವುದು ಎಂದು ಮೊದಲು ಕೇಳು, ಹಳೆಯದಾದರೆ ಹಳೆಯ ಆಜ್ಞೆ, ಹೊಸದಾದರೆ ಹೊಸ ಆಜ್ಞೆ. ಚಾರ್ಟು ಸೇರಿಸುವ ಆಜ್ಞೆಯೇ ಎರಡರಲ್ಲೂ ಬೇರೆ ಬೇರೆ ಎಂದು ಈಗ ತಿಳಿಯಿತು.

13 ಸೆಪ್ಟೆಂಬರ್, ಶುಕ್ರವಾರ

ಹರಿಹರದಲ್ಲಿ ಬಾಗಿಲು ತೆರೆಯಿತು! ಪವರ್‌ಪಾಯಿಂಟ್ ತಾನಾಗಿ ಎದ್ದಿತು. ಎದ್ದು ಮೊದಲನೇ ಸ್ಲೈಡಿನಲ್ಲೇ ನಿಂತುಬಿಟ್ಟಿತು.

ಸ್ಲೈಡಿನ ಮಾದರಿಗಳಿಗೆ ಹೆಸರು ಕೊಟ್ಟರೆ ಈಗ ಅದಕ್ಕೆ ತಿಳಿಯುವುದಿಲ್ಲ, ಸಂಖ್ಯೆಯಲ್ಲಿ ಹೇಳಬೇಕು. ಶೀರ್ಷಿಕೆ ಮಾತ್ರ ಇರುವ ಮಾದರಿಗೆ ಹನ್ನೊಂದು. ಬರೆದೆ. ಆಗಲಿಲ್ಲ. ಅಳಿಸಿ ಬರೆದೆ. ಆಗಲಿಲ್ಲ. ಮಾಲತೇಶಪ್ಪನವರು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಟ್ಟು, "ಉಂಡು ಮಾಡ್ರಿ, ಹಸಿದ ಕಣ್ಣಿಗೆ ಏನೂ ಕಾಣಲ್ಲ" ಎಂದರು. ಉಣ್ಣುತ್ತಲೇ ಅವರು ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಬಂದರು.

"ಇದು ಹನ್ನೊಂದಲ್ಲ ರೀ. ಎರಡೂ ಇಂಗ್ಲಿಷಿನ ಎಲ್ ಅಕ್ಷರ. ಟೈಪ್‌ರೈಟರ್ ಕಲಿತೋರ ಚಟ ಇದು, ಅದರಾಗೆ ಒಂದರ ಕೀಲಿನೇ ಇರ್ತಿರಲಿಲ್ಲ. ನನಗೂ ಇತ್ತು."

ಹೌದು. ಪಿಯುಸಿ ಮುಗಿದ ಮೇಲೆ ನಾನು ಕಲಿತದ್ದು ಟೈಪ್‌ರೈಟರಿನಲ್ಲೇ. ಇಬ್ಬರೂ ನಕ್ಕು ನಕ್ಕು ಕಣ್ಣಲ್ಲಿ ನೀರು. ಅವರದು ಎಂಬತ್ತರ ದಶಕದ ಟೈಪಿಂಗ್ ಪರೀಕ್ಷೆಯ ಸೀನಿಯರ್ ಗ್ರೇಡ್ ಅಂತೆ. ರೊಟ್ಟಿ ಎರಡು ಹೆಚ್ಚೇ ತಿಂದೆ.

20 ಸೆಪ್ಟೆಂಬರ್, ಶುಕ್ರವಾರ

ಇವತ್ತಿನದು ಉದ್ದ ಬರೆಯಬೇಕು.

ಹರಿಹರದ ಕಂಪ್ಯೂಟರಿನಲ್ಲಿ ಊರುಗಳ ಸಾಲು ನನ್ನ ಹಾಳೆಯ ಕ್ರಮದಲ್ಲಿಲ್ಲ. ಹಾಗಾಗಿ ಸಾಲಿನ ಸಂಖ್ಯೆ ಬಿಟ್ಟು, ಊರಿನ ಹೆಸರು ಹುಡುಕಿ ಅದರ ಮುಂದಿನ ಅಂಕಿ ತೆಗೆದುಕೊಳ್ಳುವಂತೆ ಮ್ಯಾಕ್ರೊ ತಿದ್ದಿದೆ. ಓಡಿಸಿದೆ. ಎಲ್ಲ ಊರೂ ಸರಿಯಾಗಿ ಬಂದವು, ಕೊಕ್ಕನೂರಿನ ಕಂಬ ಮಾತ್ರ ಎದ್ದು ನಿಂತಿತ್ತು. ಮೇ ತಿಂಗಳಿಗೆ ಇನ್ನೂರಿಪ್ಪತ್ತು, ಜೂನಿಗೆ ಇನ್ನೂರೆಂಟು. ನಾನು ಮೀಟಿಂಗಿನಲ್ಲಿ ತೋರಿಸಿದ್ದು ಹದಿನೇಳು, ಇಪ್ಪತ್ತೊಂದು.

"ಇಲ್ಲಿ ಏನೋ ತಪ್ಪು ಹೊಡೆದಿದ್ದೀರಿ" ಎಂದೆ ಮಾಲತೇಶಪ್ಪನವರಿಗೆ.

ಅವರು ಮಾತಾಡದೆ ಕಪಾಟಿನಿಂದ ಕೈಬರಹದ ರಿಜಿಸ್ಟರ್ ತಂದು ನನ್ನ ಮುಂದಿಟ್ಟರು. ಪುಟದ ಮೇಲೆ ಪುಟ ಕೊಕ್ಕನೂರಿನ ಹೆಸರುಗಳು. ಹೆಬ್ಬೆಟ್ಟು, ಸಹಿ, ಹೆಬ್ಬೆಟ್ಟು. ನಾನು ಬೆರಳಿಟ್ಟು ಎಣಿಸುತ್ತಿರುವಾಗ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ, "ಯಾವೂರ ಲೆಕ್ಕ ಯವ್ವ ಅದು?" ಎಂದು ಕೇಳಿದರು.

"ಕೊಕ್ಕನೂರು ಅಜ್ಜಿ."

"ನಂದೂ ಅದ ಊರು. ಅಂಜಿನವ್ವ ಅಂತ. ಹೆಸರೈತೇನು ನೋಡು."

ಇತ್ತು. ಮೇ ತಿಂಗಳಲ್ಲಿ ನಾಲ್ಕು ಸಲ, ಜೂನಿನಲ್ಲಿ ನಾಲ್ಕು ಸಲ. ಸಕ್ಕರೆ ಕಾಯಿಲೆ. ಈಗ ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ.

"ವ್ಯಾನು ವಾರವಾರ ಬರೋದು ನಿಂತು ಹೋತು. ಕೇಳಿದ್ರೆ ಜನ ಬರಲ್ಲ ಅಂದ್ರಂತೆ ನಿಮ್ಮೋರು. ಜನ ಬರಲ್ಲಂತೆ! ನಾವು ಶಾಲೆ ಮುಂದೆ ಜಾಗ ಸಾಲ್ದೆ ಕಲ್ಲಿನ ಮ್ಯಾಲೆ ಕುಂದ್ರತಿದ್ವಿ. ನಾನೇನೋ ಬಸ್ಸು ಹತ್ತೀನಿ. ನಮ್ಮ ಓಣಿ ಗಿರಿಯಮ್ಮಗೆ ಕಾಲು ಬರಲ್ಲ, ಆಕಿ ಏನು ಮಾಡಬೇಕು?"

ರಿಜಿಸ್ಟರಿನ ಎಣಿಕೆ ಮುಗಿಸಿದೆ: ಇನ್ನೂರಿಪ್ಪತ್ತು, ಇನ್ನೂರೆಂಟು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ: ಆಫೀಸು ಮುಚ್ಚುವ ಮೊದಲು ಹೋಗಿ ನನ್ನ ಚೀಟಿ ನೋಡಬೇಕು. ಆಗಲಿಲ್ಲ, ಬೀಗ ಹಾಕಿದ್ದರು.

21 ಸೆಪ್ಟೆಂಬರ್, ಶನಿವಾರ

ನೋಡಿದೆ.

ಮೇ ತಿಂಗಳಲ್ಲಿ ಹದಡಿಯನ್ನು ಹೊಸದಾಗಿ ಹಾಳೆಯ ನಡುವೆ ಸೇರಿಸಿದಾಗ ಕೆಳಗಿನ ಸಾಲುಗಳೆಲ್ಲ ಒಂದೊಂದು ಇಳಿದವು. ಚೀಟಿಯಲ್ಲಿ ಎಲ್ಲ ಊರಿನ ಸಂಖ್ಯೆಯನ್ನೂ ತಿದ್ದಿದ್ದೇನೆ. ಕೊಕ್ಕನೂರು ಒಂದನ್ನು ಬಿಟ್ಟಿದ್ದೇನೆ. ಅದು ಹನ್ನೆರಡೆಂದೇ ಇದೆ, ಹದಿಮೂರು ಆಗಬೇಕಿತ್ತು. ಹನ್ನೆರಡನೇ ಸಾಲಿನಲ್ಲಿರುವುದು ಇಪ್ಪತ್ತು ಮನೆಯ ಒಂಟಿಗುಡಿ ಕ್ಯಾಂಪು.

ತಪ್ಪು ನನ್ನದು.

24 ಸೆಪ್ಟೆಂಬರ್, ಮಂಗಳವಾರ

ಮೊದಲು ಮಾಲತೇಶಪ್ಪನವರಿಗೆ ಫೋನ್ ಮಾಡಿ ಹೇಳಿದೆ. ಅವರನ್ನು ಅನುಮಾನಿಸಿದ್ದನ್ನೂ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ, "ನನ್ನ ಹೆಸರು ಹೇಳಿಬಿಡ್ರಿ. ಮಾರ್ಚ್‌ನಾಗೆ ನಾನು ರಿಟೈರು. ನನಗೆ ಯಾರು ಏನು ಮಾಡ್ತಾರೆ?" ಎಂದರು. ನಗು ಬಂತು.  ಬ್ಯಾಡ ಸಾರ್ ಎಂದೆ.

ವಾಮದೇವಪ್ಪ ಸಾರ್‌ಗೂ ಹೇಳಿದಾಗ ಅವರು ಬೇರೆ ದಾರಿ ತೋರಿಸಿದರು: "ನೀವು ಬಾಯಿ ಬಿಡಬ್ಯಾಡ್ರಿ. ಹಳೇ ಆವೃತ್ತಿ, ಹೊಸ ಆವೃತ್ತಿ, ಸಾಫ್ಟ್‌ವೇರ್ ಪ್ರಾಬ್ಲಂ ಅಂತ ನಾನು ಹೇಳ್ತೀನಿ. ಅದು ಯಾರಿಗೂ ತಿಳಿಯಲ್ಲ, ಯಾರೂ ಕೇಳಲ್ಲ." ನನ್ನ ಒಳ್ಳೆಯದಕ್ಕೇ ಹೇಳಿದರು. ತಲೆಯಾಡಿಸಿ ಬಂದೆ. ಅಂಕಿ ಸರಿಯಾಗುತ್ತದೆ, ವ್ಯಾನು ಹೋಗುತ್ತದೆ, ಇನ್ನೇನು ಬೇಕು?

ಸಂಜೆ ಇವರಿಗೆ ಹೇಳಿದಾಗ, "ಸುಟ್ಟ ಮೋಟರಿಗೆ ಕರೆಂಟಿನ ಮೇಲೆ ತಪ್ಪು ಹಾಕೋರನ್ನ ದಿನಾ ನೋಡ್ತೀನಿ" ಎಂದಷ್ಟೇ ಅಂದು ಕೈತೊಳೆಯಲು ಹೋದರು.

30 ಸೆಪ್ಟೆಂಬರ್, ಸೋಮವಾರ

ಹರಿಹರದಲ್ಲಿ ತಾಲೀಮು. ಹಳೆಯ ಕಂಪ್ಯೂಟರ್ ನಿಧಾನ, ಕಾಪಿ ಮಾಡಿದ್ದು ಕೈಗೆ ಬರುವ ಮೊದಲೇ ನನ್ನ ಮ್ಯಾಕ್ರೊ ಅಂಟಿಸಲು ಹೋಗಿ ಮುಗ್ಗರಿಸುತ್ತದೆ. ಎರಡು ಸೆಕೆಂಡು ಕಾಯಿ, ಆಗದಿದ್ದರೆ ಮತ್ತೆ ಪ್ರಯತ್ನಿಸು ಎಂದು ಬರೆದೆ. "ಮುದುಕರಿಗೆ ಹಂಗೇ ಮಾಡಬೇಕು" ಎಂದರು ಮಾಲತೇಶಪ್ಪನವರು. ಐವತ್ನಾಲ್ಕಕ್ಕೆ ಹನ್ನೊಂದು ನಿಮಿಷ. ರಕ್ತದ ಯಂತ್ರ ಪಕ್ಕದಲ್ಲಿ ತನ್ನ ಪಾಡಿಗೆ ಗುರುಗುಟ್ಟುತ್ತಿತ್ತು.

4 ಅಕ್ಟೋಬರ್, ಶುಕ್ರವಾರ

ನಿನ್ನೆ ಸಂಜೆಯವರೆಗಿನ ಅಂಕಿಗಳನ್ನು ಮಾಲತೇಶಪ್ಪನವರು ಬೆಳಿಗ್ಗೆ ಒಂಬತ್ತಕ್ಕೆ ತುಂಬಿ ಮುಗಿಸಿದ್ದರು. ಹತ್ತೂವರೆಗೆ ಎಲ್ಲರ ಎದುರೇ ಗುಂಡಿ ಒತ್ತಿದೆ. ಹನ್ನೊಂದು ನಿಮಿಷ ಜನ ಚಹಾ ಕುಡಿಯುತ್ತಾ ಪರದೆ ನೋಡಿದರು. ಮೂವತ್ತೇಳನೇ ಚಾರ್ಟಿನಲ್ಲಿ ನಿಂತಿತು. ಎರಡು ಸೆಕೆಂಡು. ಮತ್ತೆ ಎರಡು. ಮಾಲತೇಶಪ್ಪನವರು ಕುರ್ಚಿಯ ಕೈ ಬಿಗಿಹಿಡಿದರು. ಹೊರಟಿತು. ಐವತ್ನಾಲ್ಕೂ ಮುಗಿದಾಗ ಡಾಕ್ಟರ್ ಚಪ್ಪಾಳೆ ತಟ್ಟಿದರು. ಸ್ಲೈಡು ಬದಲಿಸುತ್ತಾ ಕೊಕ್ಕನೂರಿಗೆ ಬಂದಾಗ ಅವರು ಕೈ ಎತ್ತಿದರು.

"ಇದೇನಿದು? ಮೇ ತಿಂಗಳಿಗೆ ಇನ್ನೂರಿಪ್ಪತ್ತು? ಜುಲೈನಾಗೆ ಒಂದೇ ದಿನಕ್ಕೆ ಎಪ್ಪತ್ತೊಂದು ಜನ?"

ವಾಮದೇವಪ್ಪ ಸಾರ್ ಎದ್ದರು. "ಅದು ಮೇಡಂ, ಆವೃತ್ತಿ ಪ್ರಾಬ್ಲಂ. ಇಲ್ಲಿಯ ಹಳೇ ಕಂಪ್ಯೂಟರ್‌ನಿಂದ ಅಂಕಿ ಬರುವಾಗ ಹೆಚ್ಚುಕಡಿಮೆ ಆಗಿತ್ತು. ಈಗ ಸರಿ ಮಾಡೀವಿ."

"ಹಂಗಾದ್ರೆ ಆ ಕಂಪ್ಯೂಟರ್ ತೆಗೆದುಬಿಡ್ರಿ. ಈ ವಾರವೇ ಹೊಸದು ಹಾಕ್ಸ್ರಿ."

ಮಾಲತೇಶಪ್ಪನವರ ಮುಖ ನೋಡಿದೆ. ಅವರು ಫ್ಯಾನು ನೋಡಲಿಲ್ಲ, ಒಳಗಿನ ಕೋಣೆಯ ಬಾಗಿಲು ನೋಡಿದರು.  ಆ ಕಂಪ್ಯೂಟರ್ ಯಾಕೆ ಬೇಕು ಎಂದು ಹೇಳಿದರೆ ಹಾಗಾದರೆ ತಪ್ಪು ಯಾರದು ಎಂಬ ಮಾತು ಬರುತ್ತದೆ, ಅದಕ್ಕೇ ಸುಮ್ಮನಿದ್ದರು. ನನಗಾಗಿ.

ಎದ್ದೆ. ಮೌಸು ಕೆಳಗೆ ಬಿತ್ತು.

"ಮೇಡಂ, ಕಂಪ್ಯೂಟರ್ ತಪ್ಪಲ್ಲ. ನಂದು. ಮೇ ತಿಂಗಳಿಂದ ನಾನು ಬೇರೆ ಊರಿನ ಸಾಲನ್ನ ಕೊಕ್ಕನೂರಿಂದು ಅಂತ ತೋರಿಸಿದ್ದೀನಿ. ಜನ ಬರ್ತಾನೇ ಇದ್ರು. ರಿಜಿಸ್ಟರ್‌ನಾಗೆ ಸರಿಯಾಗೇ ಐತೆ. ಈ ಕಂಪ್ಯೂಟರ್ ತೆಗೆದ್ರೆ ರಕ್ತ ಪರೀಕ್ಷೆ ನಿಲ್ಲುತ್ತೆ, ಯಾಕ ಅಂತ ಮಾಲತೇಶಪ್ಪನವರು ಹೇಳ್ತಾರೆ, ಕೇಳ್ರಿ."

ಅವರು ಹೇಳಿದರು. ಡಾಕ್ಟರ್ ಕೇಳಿದರು. ಎದ್ದು ಹೋಗಿ ಟವೆಲ್ ಎತ್ತಿ ಯಂತ್ರವನ್ನೂ ನೋಡಿದರು. ವಾಪಸು ಬಂದು ನನ್ನ ಮುಂದೆ ನಿಂತರು.

"ಮೂರು ತಿಂಗಳು ಆ ಊರಿಗೆ ವಾರದ ವ್ಯಾನು ಹೋಗಿಲ್ಲ" ಎಂದರು.

"ಹೌದು ಮೇಡಂ."

"ಬುಧವಾರದಿಂದ ಹೋಗ್ತೈತೆ. ಮೊದಲನೇ ದಿನ ನೀವೂ ಹೋಗ್ರಿ. ಯಾಕ ನಿಂತಿತ್ತು ಅಂತ ಅವರಿಗೆ ನೀವೇ ಹೇಳ್ರಿ."

ವಾಮದೇವಪ್ಪ ಸಾರ್ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದರು. ಬಸ್ಸು ಹತ್ತುವಾಗ, "ಮುಂದಿನ ತಿಂಗಳು ಸ್ಲೈಡು ನಾನು ಬದಲಿಸ್ತೀನಿ, ಮಾತು ನೀವು ಆಡ್ರಿ. ಅಂಕಿ ಎಲ್ಲಿಂದ ಬರ್ತೈತೆ ಅಂತ ನನಗಿಂತ ನಿಮಗೆ ಗೊತ್ತು" ಎಂದರು. ಸರಿ ಸಾರ್ ಎಂದೆ. ತಾಲೀಮಿಗೆ ಒಂದು ದಿನ ಮೊದಲೇ ಹರಿಹರಕ್ಕೆ ಹೋಗಬೇಕು.

9 ಅಕ್ಟೋಬರ್, ಬುಧವಾರ

ವ್ಯಾನಿನಲ್ಲಿ ಮುಂದಿನ ಸೀಟು ನನಗೆ, ಹಿಂದೆ ನರ್ಸ್ ಸಹನಾ ಮತ್ತು ಔಷಧಿಯ ಪೆಟ್ಟಿಗೆಗಳು. ದಾರಿಯುದ್ದಕ್ಕೂ ಭತ್ತದ ಗದ್ದೆ ಹಸಿರಾಗಿತ್ತು. ಏನು ಹೇಳಬೇಕೆಂದು ಕಾಗದದಲ್ಲಿ ಬರೆದುಕೊಂಡಿದ್ದೆ. ಕೊಕ್ಕನೂರಿನ ಶಾಲೆಯ ಮುಂದೆ ಇಳಿದರೆ ಆಗಲೇ ಜನ ಕುಳಿತಿದ್ದರು, ನಿಜವಾಗಿಯೂ ಕಲ್ಲಿನ ಮೇಲೆ. ಕಾಗದ ತೆಗೆಯಲಿಲ್ಲ. ನಾನು ಪುಷ್ಪಲತಾ, ಆಫೀಸಿನಲ್ಲಿ ಕೂತು ನಿಮ್ಮ ಅಂಕಿ ಬರೆಯುವವಳು, ನಿಮ್ಮ ಊರಿನ ಸಾಲು ಬಿಟ್ಟು ಬೇರೆ ಊರಿಂದು ಬರೆದೆ, ಅದಕ್ಕೇ ವ್ಯಾನು ನಿಂತಿತ್ತು, ತಪ್ಪಾಯ್ತು ಎಂದೆ. ಅರ್ಧ ನಿಮಿಷವೂ ಆಗಲಿಲ್ಲ.

 ಕೋಲೂರಿ ಮುಂದೆ ಕುಳಿತಿದ್ದ ಒಬ್ಬಾಕೆ, ಆಮೇಲೆ ತಿಳಿಯಿತು ಅವರೇ ಗಿರಿಯಮ್ಮ, ತಲೆಯೆತ್ತಿ ಕೇಳಿದರು: "ಬರ್ದಿದ್ದು ತಪ್ಪಾದ್ರೆ ವ್ಯಾನು ನಿಲ್ತೈತಾ?"

"ನಿಲ್ತೈತೆ ಅಮ್ಮ."

"ಹಂಗಾದ್ರೆ ನಮ್ಮನ್ನ ಸರಿಯಾಗಿ ಬರಿ ತಾಯಿ. ಇವತ್ತು ಇಲ್ಲೇ ಕುಂತು ಬರಿ."

ಸಹನಾ ರಿಜಿಸ್ಟರ್ ನನ್ನ ಕೈಗೆ ಕೊಟ್ಟಳು. ಅಂಜಿನವ್ವ ತಮ್ಮ ಪಕ್ಕದ ಕಲ್ಲು ಒರೆಸಿ ಜಾಗ ಮಾಡಿದರು. ಮಧ್ಯಾಹ್ನದವರೆಗೆ ಹೆಸರು, ವಯಸ್ಸು, ಬಿ.ಪಿ., ಸಕ್ಕರೆ ಬರೆದೆ. ಗಿರಿಯಮ್ಮನ ಸಕ್ಕರೆ ಮುನ್ನೂರ ಹತ್ತು ಇತ್ತು. ವ್ಯಾನು ಕೊಡುವುದು ಒಂದು ವಾರದ ಮಾತ್ರೆ, ಹಾಗಾಗಿ ಮೂರು ತಿಂಗಳಿಂದ ತಿಂಗಳಲ್ಲಿ ಮೂರು ವಾರ ಅವರ ಮಾತ್ರೆ ತಪ್ಪಿದೆ. ಅದನ್ನೂ ಬರೆದೆ. ಸಹನಾ ಮಾತ್ರೆ ಕೊಟ್ಟು, ಬರುವ ಬುಧವಾರ ಮನೆ ಬಾಗಿಲಿಗೇ ಬಂದು ನೋಡುತ್ತೇನೆ ಎಂದಳು.

ಊಟಕ್ಕೆ ಅಂಜಿನವ್ವ ತಮ್ಮ ಮನೆಗೇ ಕರೆದೊಯ್ದರು. ಮುದ್ದೆ, ಹುರುಳಿ ಸಾರು. ಬ್ಯಾಡ ಅಂದರೂ ಎರಡನೇ ಮುದ್ದೆ ಬಿತ್ತು. ಹೊರಡುವ ಮೊದಲು ಸಹನಾ ಸುಮ್ಮನೆ ತಮಾಷೆಗೆ ನನ್ನ ತೋಳಿಗೂ ಬಿ.ಪಿ. ಪಟ್ಟಿ ಕಟ್ಟಿ ಗಾಳಿ ಒತ್ತಿದಳು. ನೂರ ನಲವತ್ತೆಂಟು, ತೊಂಬತ್ತಾರು. ಅವಳ ಮುಖದಲ್ಲಿ ನಗು ಹೋಯಿತು, ಉಪ್ಪು ಕಡಿಮೆ ಮಾಡ್ರಿ ಎಂದು ಬೈದಳು. ಸುತ್ತ ಕುಳಿತಿದ್ದವರಿಗೆ ಮಾತ್ರ ಬಲು ಸಂತೋಷ. ಅಂಜಿನವ್ವ ನನ್ನ ಬೆನ್ನು ತಟ್ಟಿ, "ಬಾ, ನೀನೂ ವಾರವಾರ ಬಾ" ಎಂದರು.

ರಿಜಿಸ್ಟರಿನಲ್ಲಿ ನನ್ನ ಹೆಸರನ್ನೂ ಬರೆದುಬಿಟ್ಟಿದ್ದಾಳೆ ಸಹನಾ. ಇವತ್ತು ಕೊಕ್ಕನೂರಿನಲ್ಲಿ ವ್ಯಾನಿಗೆ ಬಂದವರು ಎಂಬತ್ಮೂರು, ಅದರಲ್ಲಿ ಒಬ್ಬಳು ನಾನು. ಅದನ್ನು ಚಾರ್ಟಿನಲ್ಲಿ ಇಡಬೇಕೋ ತೆಗೆಯಬೇಕೋ ತಿಳಿಯುತ್ತಿಲ್ಲ. ನಾಳೆ ಮಾಲತೇಶಪ್ಪನವರನ್ನು ಕೇಳಬೇಕು.